ಮೂರನೇ ಅಂಕಣದ ತಾಪಮಾನ

ಗ್ರೇಲಿಂಗ್ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಸೋತವರು ಯಾರೂ ತಾವು ಕೆಟ್ಟದಾಗಿ ಆಡಿದೆವೆಂದು ಈವರೆಗೆ ಒಪ್ಪಿಕೊಂಡಿದ್ದಿಲ್ಲ. ತಪ್ಪು ಯಾವಾಗಲೂ ಐಸಿನದ್ದೇ. ನಲವತ್ತು ಪೌಂಡಿನ ಕಲ್ಲನ್ನು ಈ ತುದಿಯಿಂದ ಜಾರಿಸಿ, ಅದರ ಮುಂದೆ ಇಬ್ಬರು ಪೊರಕೆ ಹಿಡಿದು ಉಜ್ಜುತ್ತಾ ಓಡಿ, ಆ ತುದಿಯ ವೃತ್ತದ ನಡುವೆ ಅದನ್ನು ತಂದು ನಿಲ್ಲಿಸುವುದು ಆಟ. ಕಲ್ಲು ವೃತ್ತ ಮುಟ್ಟದೆ ನಿಂತುಬಿಟ್ಟರೆ ಐಸ್ ಬೆಚ್ಚಗಿತ್ತು. ವೃತ್ತ ದಾಟಿ ಹೋದರೆ ಐಸ್ ವಿಪರೀತ ತಣ್ಣಗಿತ್ತು. ನಟ್ಟನಡುವೆ ನಿಂತರೆ ಮಾತ್ರ ಅದು ಆಟಗಾರನ ಕೈಚಳಕ.

ಕ್ಲಬ್ಬಿನಲ್ಲಿ ಒಟ್ಟು ನಾಲ್ಕು ಅಂಕಣ, ಅಕ್ಕಪಕ್ಕ. ಅವುಗಳಲ್ಲಿ ಮೂರನೆಯದರ ಮೇಲೆ ವೆಂಡೆಲ್ ಟೇವ್ಸ್‌ನಿಗೆ ಹಳೆಯ ಸಿಟ್ಟು. ಟ್ರಾಕ್ಟರಿನ ಬಿಡಿಭಾಗ ಮಾರುವ ವೆಂಡೆಲ್ ಮಂಗಳವಾರದ ತಂಡವೊಂದರ ನಾಯಕ. ಮೂರನೇ ಅಂಕಣದಲ್ಲಿ ಸೋತಾಗಲೆಲ್ಲ ಮೇಲಿನ ಗಾಜಿನ ಕೋಣೆಗೆ ಬಂದು, ಬಿಯರ್ ತೆರೆಯುವ ಮೊದಲೇ ದೂರು ತೆರೆಯುತ್ತಿದ್ದ.

"ಅದು ಐಸಲ್ಲ, ಗಂಜಿ. ಕಲ್ಲು ಹೂತ್ಕೊಳ್ತದೆ ಅಲ್ಲಿ."

ಇಪ್ಪತ್ತಾರು ವರ್ಷದಿಂದ ಐಸ್ ಕಟ್ಟುತ್ತಿದ್ದವನು ಲೈಲ್ ಸ್ಟಾಡ್ನಿಕ್. ಎಪ್ಪತ್ತು ದಾಟಿದ ಮುದುಕ. ದಿನಾ ಬೆಳಿಗ್ಗೆ ಕೈಗವಸು ಕಳಚಿ, ನಾಲ್ಕೂ ಅಂಕಣಗಳ ಮೇಲೆ ಒಂದೊಂದು ಸಲ ಅಂಗೈ ಊರಿ, ಮೆಷಿನ್ ರೂಮಿಗೆ ಹೋಗಿ ಏನೋ ತಿರುಗಿಸಿ ಬರುತ್ತಿದ್ದ. ಅವನಿಗೆ ಥರ್ಮಾಮೀಟರು ಎಂದರೆ ಜ್ವರ ಬಂದವರಿಗೆ ಇಡುವ ವಸ್ತು.

"ಮೂರನೇದು ಈ ಬಿಲ್ಡಿಂಗಲ್ಲೇ ಚೆನ್ನಾಗಿರೋ ಐಸು ಕಣಯ್ಯ," ಎಂದ ಲೈಲ್. "ಬೆಚ್ಚಗಿರೋದು ಎರಡನೇದು. ಎಂಟು ವರ್ಷದಿಂದ ಹೇಳ್ತಾ ಇದೀನಿ. ನಿನ್ನ ಕಲ್ಲು ನಿಲ್ಲೋದು ಐಸಿಂದಲ್ಲ, ನೀನು ತಳ್ಳೋ ರೀತಿಯಿಂದ."

ಈ ಜಗಳ ಕಮಿಟಿಗೆ ಹೋಯಿತು. ಕಮಿಟಿಯ ಅಧ್ಯಕ್ಷ ಕರ್ಟಿಸ್ ಹಾಲ್ಡರ್ಸನ್ ಮನೆ ಮಾರಾಟದ ದಲ್ಲಾಳಿ. ಯಾರಿಗೂ ಬೇಸರವಾಗದಂತೆ ಮಾತಾಡುವುದು ಅವನ ಕಸುಬು, ಠರಾವು ಬರೆಸುವುದು ಅವನ ಹುಚ್ಚು. ಕೂತ ಒಂದು ಗಂಟೆಯಲ್ಲಿ ಅವನು ಎರಡೂ ಕಡೆಯವರನ್ನು ಹೊಗಳಿ, ಕೊನೆಗೆ ಹೇಳಿದ:

"ಕೈ ಏನು ಹೇಳ್ತು, ಕಲ್ಲು ಏನು ಹೇಳ್ತು ಅನ್ನೋದೆಲ್ಲ ಬೇಡ. ಅಂಕಿ ಅಂಶ ಬೇಕು. ನಮ್ಮ ಆರ್ಡಿತ್ ಇದಾರಲ್ಲ?"

ಆರ್ಡಿತ್ ಪೆನ್ನರ್ ಹಿಂದಿನ ಸಾಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಊರಿನ ಧಾನ್ಯದ ಉಗ್ರಾಣದಲ್ಲಿ ಮೂವತ್ತೊಂದು ವರ್ಷ, ಕಣಜದೊಳಗೆ ಗೋಧಿ ಬಿಸಿಯಾಗುತ್ತಿದೆಯೇ ಎಂದು ಹೇಳುವ ತಂತಿಗಳನ್ನು ನೋಡಿಕೊಂಡಿದ್ದವಳು. ಮೇ ತಿಂಗಳಲ್ಲಿ ನಿವೃತ್ತಿಯಾಗಿತ್ತು. ಆಗಸ್ಟ್ ಹೊತ್ತಿಗೆ ಮನೆಯಲ್ಲಿ ಬಿಚ್ಚಿ ಜೋಡಿಸದ ಸಾಮಾನು ಒಂದೂ ಉಳಿದಿರಲಿಲ್ಲ. ಹಾಗಾಗಿ ಕೈ ಎತ್ತಿದಳು. ಎತ್ತಬಾರದಿತ್ತು ಎಂದು ಅನ್ನಿಸಲು ಅವಳಿಗೆ ನಾಲ್ಕು ತಿಂಗಳು ಬೇಕಾಯಿತು.

ಅವಳು ತರಿಸಿದ್ದು ಮೂರು ಕಾಲಿನ, ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ, ತಾಪ ಅಳೆಯುವ ನಾಲ್ಕು ಚಿಪ್. ಅಂಥ ಚಿಪ್‌ಗಳು ಎಷ್ಟಿದ್ದರೂ ಮಾತಾಡಲು ಒಂದೇ ತಂತಿ ಸಾಕು. ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲೇ ಅಚ್ಚೊತ್ತಿದ ಒಂದು ಉದ್ದನೆಯ ಸಂಖ್ಯೆ. ಯಾವ ಸಂಖ್ಯೆ ಕರೆದೆವೋ ಅದೊಂದೇ ಉತ್ತರಿಸುತ್ತದೆ, ಉಳಿದವು ಬಾಯಿ ಮುಚ್ಚಿಕೊಂಡಿರುತ್ತವೆ. ಇಂಥ ಶಿಸ್ತನ್ನು ಆರ್ಡಿತ್ ಆ ಕ್ಲಬ್ಬಿನ ಯಾವ ಸಭೆಯಲ್ಲೂ ಕಂಡಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ, ಪ್ರೋಗ್ರಾಂ ಬರೆದು, ಮೊದಲ ಸಲ ಕೇಳಿದಾಗ ನಾಲ್ಕೂ ಒಟ್ಟಾಗಿ ಎಂಬತ್ತೈದು ಡಿಗ್ರಿ ಎಂದವು. ಅಷ್ಟಿದ್ದಿದ್ದರೆ ಅವಳು ಆಗಲೇ ಬೆಂದಿರಬೇಕಿತ್ತು. ಕೈಪಿಡಿ ತಿರುವಿದಾಗ ತಿಳಿಯಿತು. ಅಳೆಯಲು ಚಿಪ್ಪಿಗೆ ಮುಕ್ಕಾಲು ಸೆಕೆಂಡ್ ಬೇಕು. ಅಷ್ಟೂ ತಾಳದೆ ಕೇಳಿದರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ, ಆ ಬಾಯಿಗೆ ಬಂದದ್ದು ಯಾವಾಗಲೂ ಎಂಬತ್ತೈದು. ಪ್ರೋಗ್ರಾಮಿನಲ್ಲಿ ಒಂದು ಸೆಕೆಂಡ್ ಕಾಯುವ ಸಾಲು ಸೇರಿಸಿದಳು. ಇಪ್ಪತ್ತೊಂದೂವರೆ ಎಂದವು. ಆಮೇಲೆ ಯಾವ ಸಂಖ್ಯೆ ಯಾವ ಚಿಪ್ಪಿನದ್ದು ಎಂದು ಗೊತ್ತಾಗಲು ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದು ಕೂತಳು. ಪರದೆಯ ಮೇಲೆ ಯಾವುದು ಏರುತ್ತದೋ ಅದೇ ಕೈಯಲ್ಲಿರುವುದು. ಒಂದು, ಎರಡು, ಮೂರು, ನಾಲ್ಕು ಎಂದು ಟೇಪಿನ ಮೇಲೆ ಬರೆದು ತಂತಿಗೆ ಸುತ್ತಿದಳು.

ಸೆಪ್ಟೆಂಬರ್ ಕೊನೆಯಲ್ಲಿ, ಇನ್ನೂ ನೀರು ಬಿಡದ ಬರಿಯ ಕಾಂಕ್ರೀಟ್ ನೆಲದ ಮೇಲೆ ಅವುಗಳನ್ನು ಹಾಸಿದ್ದಾಯಿತು. ತಂತಿಯ ಸುರುಳಿ ಭಾರವಾಗಿತ್ತು. ಅದಕ್ಕೇ ಅವಳು ವ್ಯಾನನ್ನು ಹಿಂದಿನ ಬಾಗಿಲಿಗೇ ತಂದು, ಮೆಷಿನ್ ರೂಮಿನ ಕಡೆಯಿಂದ ಒಳಗೆ ಬಂದಳು. ಗೋಡೆಯ ಮೇಲಿನ ಅಂಕಣದ ಸಂಖ್ಯೆಗಳ ಫಲಕಗಳನ್ನು ಬಣ್ಣ ಹೊಡೆಯಲು ಇಳಿಸಿದ್ದರು. ತನ್ನ ಎಡಗಡೆಯಿಂದ ಶುರುಮಾಡಿ ಒಂದು, ಎರಡು, ಮೂರು, ನಾಲ್ಕು ಎಂದು ಹಾಸುತ್ತಾ ಹೋದಳು. ಲೈಲ್ ಸುರುಳಿ ಹಿಡಿದುಕೊಟ್ಟ. ವಾರದೊಳಗೆ ಚಿಪ್‌ಗಳು ಐಸಿನಡಿ ಸೇರಿದವು.

ಉದ್ಘಾಟನೆಯ ದಿನ ಇಡೀ ಕ್ಲಬ್ಬು ಗಾಜಿನ ಕೋಣೆಯಲ್ಲಿ ನೆರೆದಿತ್ತು. ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿಯ ತಟ್ಟೆ ಸುತ್ತು ಬರುತ್ತಿತ್ತು. ಕೆಳಗಿನ ಐಸಿಗೂ ಕಾಣುವಂತೆ ತೂಗುಹಾಕಿದ್ದ, ತಾಪ ತೋರಿಸುವ ದೊಡ್ಡ ಪರದೆಯ ಮೇಲಿನ ಬಟ್ಟೆಯನ್ನು ಕರ್ಟಿಸ್ ಎಳೆದ. ಮೂರನೇ ಅಂಕಣದ ಎದುರು ನಾಲ್ಕು ಸಾವಿರದ ತೊಂಬತ್ತೊಂದು ಡಿಗ್ರಿ ಎಂದಿತ್ತು. ಬೇರೆಯವೂ ಹೆಚ್ಚುಕಡಿಮೆ ಅಷ್ಟೇ.

"ನಾನು ಹೇಳ್ಲಿಲ್ವಾ!" ಎಂದ ವೆಂಡೆಲ್. "ಬೆಚ್ಚಗಿದೆ!"

ಲೈಲ್ ಜೀವನದಲ್ಲಿ ಅಷ್ಟು ಜೋರಾಗಿ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಆರ್ಡಿತ್ ಮುಖ ಕೆಂಪಾಗಿಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಸೊನ್ನೆಗಿಂತ ಕೆಳಗಿನ ತಾಪವನ್ನು ಆ ಚಿಪ್ ತನ್ನದೇ ಒಂದು ರೀತಿಯಲ್ಲಿ ಬರೆಯುತ್ತದೆ. ಅವಳ ಅಡುಗೆಮನೆ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗಿರಲಿಲ್ಲವಾದ್ದರಿಂದ ಪ್ರೋಗ್ರಾಂ ಅದನ್ನು ಭಾರೀ ದೊಡ್ಡ ಸಂಖ್ಯೆಯೆಂದೇ ಓದಿಕೊಂಡಿತ್ತು. ತಿದ್ದಲು ಹತ್ತು ನಿಮಿಷ ಹಿಡಿಯಿತು. ಆಗ ನಿಜವಾದ ಅಂಕಿಗಳು ಬಂದವು. ಒಂದು ಮತ್ತು ನಾಲ್ಕು, ಮೈನಸ್ ಐದು. ಎರಡು, ಮೈನಸ್ ಐದು ಪಾಯಿಂಟ್ ಒಂದು. ಮೂರು, ಮೈನಸ್ ನಾಲ್ಕು ಪಾಯಿಂಟ್ ಎರಡು.

ವೆಂಡೆಲ್ ಕುರ್ಚಿಯ ಮೇಲೆ ಹತ್ತಿ ನಿಂತು ಪರದೆಯ ಫೋಟೋ ತೆಗೆದ. ಎಲ್ಲರೂ ಲೈಲ್ ಕಡೆ ತಿರುಗಿದರು. ಲೈಲ್ ತನ್ನ ಅಂಗೈ ನೋಡಿಕೊಂಡ, ತಟ್ಟೆಯಲ್ಲಿ ಅರ್ಧ ಉಳಿದಿದ್ದ ಪೆರೋಗಿ ಹಾಗೇ ಬಿಟ್ಟು ಕೆಳಗೆ ಹೋದ.

ಅಲ್ಲಿಂದ ಮುಂದೆ ಕ್ಲಬ್ಬಿನಲ್ಲಿ ಐಸ್ ನೋಡಿ ಆಡುವವರೇ ಇಲ್ಲವಾದರು. ಕಲ್ಲು ಬಿಡುವ ಮುನ್ನ ಎಲ್ಲರೂ ಕತ್ತೆತ್ತಿ ಪರದೆ ನೋಡುತ್ತಿದ್ದರು. ಎರಡನೇ ಅಂಕಣಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ವೆಂಡೆಲ್ ಹಟ ಹಿಡಿದು ಅಲ್ಲೇ ಆಡಿ ಮೂರು ಮಂಗಳವಾರ ಸತತವಾಗಿ ಗೆದ್ದ.

"ಐಸ್ ಅಂದ್ರೆ ಇದು," ಎನ್ನುತ್ತಿದ್ದ. "ಗಾಜಿನ ಹಾಗೆ ಓಡ್ತದೆ ಕಲ್ಲು. ಪಾಯಿಂಟ್ ಒಂಬತ್ತು ಡಿಗ್ರಿ ವ್ಯತ್ಯಾಸ ಸಾಮಾನ್ಯನಾ?"

ಕಮಿಟಿ ಡಿಸೆಂಬರಿನಲ್ಲಿ ಠರಾವು ಮಾಡಿತು. ಮೂರನೇ ಅಂಕಣವನ್ನು ಉಳಿದವುಗಳ ಸಮಕ್ಕೆ ತಣ್ಣಗಾಗಿಸತಕ್ಕದ್ದು. ಲೈಲ್‌ನನ್ನು ಕರೆಸಿ ಹೇಳಿದರು.

"ಆಗ ಅದು ಒಡೀತದೆ," ಎಂದ ಲೈಲ್. "ಈಗ ಸರಿಯಾಗಿದೆ."

"ಲೈಲ್, ನಿಮ್ಮ ಅನುಭವದ ಮೇಲೆ ನಮಗೆಲ್ಲ ಅಪಾರ ಗೌರವ ಇದೆ," ಎಂದ ಕರ್ಟಿಸ್. "ಆದ್ರೆ ಮೆಷಿನ್ ಬೇರೆ ಹೇಳ್ತಾ ಇದೆ."

"ಹಂಗಾದ್ರೆ ಬರೆದುಕೊಡಿ."

ಬರೆದುಕೊಟ್ಟರು. ಲೈಲ್ ಆ ಕಾಗದವನ್ನು ಮೆಷಿನ್ ರೂಮಿನ ಗೋಡೆಗೆ ಅಂಟಿಸಿ, ಮೂರನೇ ಅಂಕಣದಡಿ ಹರಿಯುವ ತಣ್ಣನೆಯ ಉಪ್ಪುನೀರಿನ ವಾಲ್ವನ್ನು ಎರಡು ಸುತ್ತು ಹೆಚ್ಚಿಗೆ ತೆರೆದ. ಆರ್ಡಿತ್ ಆ ಹೊತ್ತು ಅಲ್ಲೇ ಇದ್ದಳು. ಹತ್ತು ವರ್ಷದಿಂದ ಬೆಳಗಿನ ಕಾಫಿಯನ್ನು ಇಬ್ಬರೂ ಅದೇ ರೂಮಿನಲ್ಲಿ ಕುಡಿಯುತ್ತಿದ್ದರು. ಆ ದಿನ ಲೈಲ್ ತನಗೊಂದೇ ಲೋಟ ಬಗ್ಗಿಸಿಕೊಂಡ. ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದ.

"ಸಿಟ್ಟಾ?" ಎಂದಳು.

"ನಿನ್ನ ಮೇಲೆ ಯಾಕಮ್ಮ ಸಿಟ್ಟು? ಮೆಷಿನ್ ಹೇಳಿದ್ದಲ್ವಾ."

ಅವಳು ಕಾಫಿಯಿಲ್ಲದೆ ಮನೆಗೆ ಹೋದಳು.

ಎರಡು ದಿನದಲ್ಲಿ ಮೂರನೇ ಅಂಕಣದ ಐಸ್ ಬೆಳ್ಳಗೆ ಬಿಳಿಚಿಕೊಂಡು ಅಡ್ಡಡ್ಡ ಬಿರುಕು ಬಿಟ್ಟಿತು. ನೋಡಿ, ಅದರ ಹಣೆಬರಹವೇ ಅಷ್ಟು ಎಂದರು ಜನ. ಪರದೆಯ ಮೇಲೆ ಮಾತ್ರ ಮೂರರ ಅಂಕಿ ಮೈನಸ್ ನಾಲ್ಕು ಪಾಯಿಂಟ್ ಎರಡರಿಂದ ಕದಲಲಿಲ್ಲ. ಬದಲಿಗೆ ಎರಡರ ಅಂಕಿ ಇಳಿಯುತ್ತಾ ಇಳಿಯುತ್ತಾ ಮೈನಸ್ ಆರು ಪಾಯಿಂಟ್ ಎಂಟಕ್ಕೆ ಬಂದು ನಿಂತಿತು. ವೆಂಡೆಲ್ ಖುಷಿಯಿಂದ ಅದರದ್ದೂ ಫೋಟೋ ತೆಗೆದ.

ಆರ್ಡಿತ್ ಮನೆಯಲ್ಲಿ ಕೂತು ವಾರದ ಅಂಕಿಗಳನ್ನೆಲ್ಲ ಗೆರೆಯಾಗಿ ಬರೆಸಿ ನೋಡಿದಳು. ಲೈಲ್ ವಾಲ್ವ್ ತಿರುಗಿಸಿದ್ದು ಸೋಮವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ. ಎರಡರ ಗೆರೆ ಇಳಿಯತೊಡಗಿದ್ದು ಒಂಬತ್ತೂ ಇಪ್ಪತ್ತಕ್ಕೆ. ಮೂರರ ವಾಲ್ವ್ ತಿರುಗಿಸಿದರೆ ಎರಡಕ್ಕೆ ಯಾಕೆ ಚಳಿಯಾಗಬೇಕು? ಅವಳು ಪೆನ್ನು ಕೆಳಗಿಟ್ಟಳು. ಹಿಂದಿನ ಬಾಗಿಲು ಕಣ್ಣಮುಂದೆ ಬಂತು. ಬೋಳು ಗೋಡೆ ಬಂತು. ತನ್ನ ಎಡಗೈ ಬಂತು. ಮುಂಬಾಗಿಲಿನಿಂದ ಎಣಿಸಿದರೆ ಒಂದು ಆಗುವುದು ಹಿಂಬಾಗಿಲಿನಿಂದ ಎಣಿಸಿದರೆ ನಾಲ್ಕು. ಎರಡು ಆಗಬೇಕಾದದ್ದು ಮೂರು. ಒಂದೂ ನಾಲ್ಕೂ ಒಂದೇ ತಾಪದಲ್ಲಿದ್ದುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಚಿಪ್‌ಗಳು ಒಂದೂ ಸುಳ್ಳು ಹೇಳಿರಲಿಲ್ಲ. ಹೆಸರು ಇಟ್ಟವಳು ತಪ್ಪಿದ್ದಳು. ಮೂವತ್ತೊಂದು ವರ್ಷ ಎಂಬತ್ತು ಕಣಜಗಳನ್ನು ಒಂದು ಸಲವೂ ಅದಲುಬದಲು ಮಾಡದವಳು ನಾಲ್ಕು ಅಂಕಣ ಎಣಿಸುವಲ್ಲಿ ಎಡವಿದ್ದಳು, ಅದೂ ಇಡೀ ಊರು ನೋಡುವ ಹಾಗೆ ದೊಡ್ಡ ಪರದೆಯ ಮೇಲೆ. ಬೆಚ್ಚಗಿದ್ದದ್ದು ಎರಡನೆಯದೇ, ಲೈಲ್ ಹೇಳಿದ ಹಾಗೆ. ವೆಂಡೆಲ್ ಮೂರು ಸಲ ಗೆದ್ದದ್ದು ಕ್ಲಬ್ಬಿನ ಅತಿ ಕೆಟ್ಟ ಐಸಿನ ಮೇಲೆ.

ಕರ್ಟಿಸ್‌ಗೆ ಹೇಳಿದಳು. ಅವನು ಬಾಗಿಲು ಮುಚ್ಚಿದ.

"ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ. ಸರಿ ಮಾಡೋಕೆ ಎರಡು ನಿಮಿಷ ಸಾಕು. ಪ್ರೋಗ್ರಾಮಲ್ಲಿ ಸಂಖ್ಯೆಗಳ ಜಾಗ ಬದಲಾಯಿಸಿದ್ರೆ ಆಯ್ತು."

"ಆಯ್ತು ಅಂತ ನೀವು ಅಂತೀರಿ. ನಾವು ಠರಾವು ಮಾಡಿದೀವಿ ಆರ್ಡಿತ್. ಬರೆದುಕೊಟ್ಟಿದೀವಿ. ಇನ್ನು ಎರಡು ವಾರಕ್ಕೆ ಹತ್ತೂರಿನ ತಂಡಗಳು ಬರ್ತವೆ. ನಮ್ಮ ಮೆಷಿನ್ ತಪ್ಪು ಅಂದ್ರೆ ಕಮಿಟಿ ತಪ್ಪು ಅಂದ ಹಾಗಲ್ವಾ?"

"ಮೆಷಿನ್ ತಪ್ಪಲ್ಲ. ನನ್ನ ತಪ್ಪು."

"ಅದು ಇನ್ನೂ ಕಷ್ಟ. ನಿಮಗೆ ನಾವು ಮೊನ್ನೆ ತಾನೆ ಸನ್ಮಾನ ಮಾಡಿದೀವಿ."

ಗುರುವಾರ ಸಂಜೆ ಕಮಿಟಿಯ ಗುಟ್ಟಿನ ಸಭೆ ಸೇರಿತು. ಎರಡು ಗಂಟೆಯ ಚರ್ಚೆಯ ನಂತರ ಕರ್ಟಿಸ್‌ಗೇ ಒಂದು ದಾರಿ ಹೊಳೆಯಿತು. ಪ್ರೋಗ್ರಾಂ ಮುಟ್ಟುವುದೇ ಬೇಡ. ಗೋಡೆಯ ಫಲಕಗಳನ್ನು ಅದಲುಬದಲು ಮಾಡೋಣ. ಎರಡನೆಯದು ಮೂರಾಗಲಿ, ಮೂರನೆಯದು ಎರಡಾಗಲಿ. ಆಗ ಪರದೆ ಹೇಳಿದ್ದೆಲ್ಲ ಸತ್ಯವೇ ಆಗುತ್ತದೆ, ಯಾರೂ ತಪ್ಪಿದಂತಾಗುವುದಿಲ್ಲ. ಎಲ್ಲರೂ ತಲೆದೂಗಿದರು. ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ಒಬ್ಬರಿಗೆ ನೆನಪಾಯಿತು. ಮೂರನೇ ಅಂಕಣವನ್ನು ತೀರಿಹೋದ ಮಿಸೆಸ್ ಐಯೋಲ್ಫ್‌ಸನ್ ಅವರ ನೆನಪಿಗೆ ಅರ್ಪಿಸಲಾಗಿತ್ತು. ಗೋಡೆಯಲ್ಲಿ ಹಿತ್ತಾಳೆಯ ಹಲಗೆ ಇತ್ತು. ಹಲಗೆ ಅಲ್ಲೇ ಇರಬೇಕೋ, ಸಂಖ್ಯೆಯ ಜೊತೆ ಹೋಗಬೇಕೋ? ಆಕೆ ನೆನಪಾಗಬೇಕಾದದ್ದು ಐಸಿನಲ್ಲೋ, ಅಂಕಿಯಲ್ಲೋ? ಆಕೆಯ ಮಗನನ್ನು ಕೇಳಬೇಕೆಂದು ಕೆಲವರು, ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಕೆಲವರು. ಸಭೆಯನ್ನು ಮುಂದೂಡಲಾಯಿತು.

ಆರ್ಡಿತ್ ಕೋಟು ಹಾಕಿಕೊಂಡು ಹೊರಗೆ ಬಂದಳು. ಚಳಿ ಮೈನಸ್ ಇಪ್ಪತ್ತೊಂಬತ್ತು. ಅವಳಿಗೆ ಅದು ಬಡಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮೆಷಿನ್ ರೂಮಿಗೆ ಹೋದಳು. ಲೈಲ್ ಪತ್ರಿಕೆ ಓದುತ್ತಿದ್ದ.

"ಲೈಲ್, ತಂತಿ ಹಾಸುವಾಗ ನಾನು ಉಲ್ಟಾ ಎಣಿಸಿದೆ. ನೀವು ಹೇಳಿದ್ದೇ ಸರಿ. ಎರಡನೇದೇ ಬೆಚ್ಚಗಿರೋದು."

ಲೈಲ್ ಪತ್ರಿಕೆ ಇಳಿಸಲಿಲ್ಲ.

"ಕಿವಿಗೆ ಬಿತ್ತಾ?"

"ಬಿತ್ತು. ಎಷ್ಟು ವಾರ ಆಯ್ತು?"

"ಹನ್ನೊಂದು."

"ಹನ್ನೊಂದು ವಾರ," ಎಂದ ಲೈಲ್. "ಅಲ್ಲಮ್ಮ, ಆ ಚಿಪ್ಪು ಏನು ಹೇಳ್ತು ಅಂತ ನೀನು ದಿನಾ ಕೇಳ್ದೆ. ನನ್ನ ಕೈ ಏನು ಹೇಳ್ತು ಅಂತ ಒಂದು ದಿನಾನಾದ್ರೂ ಕೇಳಿದ್ಯಾ? ಹತ್ತು ವರ್ಷದಿಂದ ನನ್ನ ಕಾಫಿ ಕುಡಿದೋಳು."

ಲೈಲ್ ಪತ್ರಿಕೆ ಮಡಚಿ, ಸ್ಟವ್ ಮೇಲಿದ್ದ ಕೆಟಲ್ ಎತ್ತಿಕೊಂಡು ಎದ್ದ.

"ಬಾ. ಈ ಸಲವಾದ್ರೂ ಸರಿಯಾಗಿ ಎಣಿಸು."

ಕೆಟಲಿನ ಬಿಸಿ ತಳವನ್ನು ಹಳೆ ಟವೆಲ್ಲಿನ ಮೇಲಿಟ್ಟು, ಅದನ್ನು ನಾಲ್ಕೂ ಅಂಕಣಗಳ ಅಂಚಿನಲ್ಲಿ, ಚಿಪ್ ಇದ್ದ ಕಡೆ, ಒಂದೊಂದು ಸಲ ಇಟ್ಟು ನೋಡಿದರು. ಒಂದನೇ ಅಂಕಣದಲ್ಲಿ ಇಟ್ಟರೆ ಪರದೆಯ ಮೇಲೆ ನಾಲ್ಕರ ಅಂಕಿ ಏರಿತು. ಎರಡರಲ್ಲಿ ಇಟ್ಟರೆ ಮೂರು. ಆರ್ಡಿತ್ ಐಸಿನ ಮೇಲೆ ಮಂಡಿಯೂರಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಯಾರ ಠರಾವನ್ನೂ ಕೇಳದೆ ನಾಲ್ಕು ಸಾಲು ತಿದ್ದಿದಳು. ಲೈಲ್ ಕಮಿಟಿಯ ಕಾಗದವನ್ನು ಗೋಡೆಯಿಂದ ಕಿತ್ತು, ವಾಲ್ವನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿದ. ಬಿರುಕುಗಳಿಗೆ ನೀರು ಹನಿಸಿ ಮುಚ್ಚಲು ವಾರಾಂತ್ಯ ಪೂರ್ತಿ ಹಿಡಿಯಿತು.

ಮಂಗಳವಾರ ಕ್ಲಬ್ಬಿಗೆ ಬಂದವರು ಪರದೆ ನೋಡಿ ನಿಂತುಬಿಟ್ಟರು. ಮೂರನೇ ಅಂಕಣ ಮೈನಸ್ ಐದು ಪಾಯಿಂಟ್ ಒಂದು! ಆರ್ಡಿತ್ ಬಾಯಿ ತೆರೆಯುವ ಮೊದಲೇ ಕರ್ಟಿಸ್ ಲೋಟಕ್ಕೆ ಚಮಚ ಬಡಿದಿದ್ದ.

"ಗೆಳೆಯರೇ, ಈ ತಿಂಗಳ ಮೊದಲಲ್ಲಿ ಕಮಿಟಿ ಒಂದು ಗಟ್ಟಿ ನಿರ್ಧಾರ ತಗೊಂಡಿತ್ತು. ಮೂರನೇ ಅಂಕಣ ತಣ್ಣಗಾಗಬೇಕು ಅಂತ. ಇವತ್ತು ಆಗಿದೆ. ಅಂಕಿ ಅಂಶ ನಿಮ್ಮ ಕಣ್ಮುಂದೆ ಇದೆ."

ಚಪ್ಪಾಳೆ ಬಿತ್ತು. ಆರ್ಡಿತ್ ಎದ್ದು ನಿಂತಳು.

"ಅದು ತಣ್ಣಗಾಗಿದ್ದಲ್ಲ. ಮೊದಲಿಂದ್ಲೂ ಹಾಗೇ ಇತ್ತು. ನಾನು ತಂತೀನ ಉಲ್ಟಾ ಹಾಸಿದ್ದೆ. ಇಷ್ಟು ದಿನ ನೀವು ಮೂರು ಅಂತ ನೋಡಿದ್ದು ಎರಡರದ್ದು. ಲೈಲ್ ಹೇಳಿದ್ದು ಸರಿಯಿತ್ತು, ನನ್ನದು ತಪ್ಪು."

ಜನ ಅವಳನ್ನು ಪ್ರೀತಿಯಿಂದ ನೋಡಿದರು. "ಪಾಪ, ಮುದುಕನ ಮರ್ಯಾದೆ ಉಳಿಸ್ತಾಳೆ," ಎಂದಿತು ಹಿಂದಿನ ಮೇಜು. "ಎಷ್ಟು ವಿನಯ ನೋಡಿ ಇವರದ್ದು," ಎಂದ ಕರ್ಟಿಸ್, ಮತ್ತೊಮ್ಮೆ ಚಪ್ಪಾಳೆ ತಟ್ಟಿಸಿದ. ಅವಳು ಇನ್ನೊಂದು ಸಲ ಹೇಳಲು ಹೊರಟಾಗ ಲೈಲ್ ಹಿಂದಿನಿಂದ ಅವಳ ತೋಳು ಜಗ್ಗಿದ.

"ಕೂತ್ಕೋ. ಹೇಳಿದ್ದಾಯ್ತು, ಕೇಳಿಸ್ಕೊಳ್ಳೋದು ಅವರ ಕೆಲಸ. ವೆಂಡೆಲ್ ಮುಖ ನೋಡು."

ಕೆಳಗೆ ಎರಡನೇ ಅಂಕಣದಲ್ಲಿ ಕಲ್ಲು ಹಿಡಿದು ಬಗ್ಗಿದ್ದ ವೆಂಡೆಲ್ ಗಾಜಿನಾಚೆಯ ಪರದೆ ನೋಡಿದ್ದ. ಎರಡರ ಎದುರು ಮೈನಸ್ ನಾಲ್ಕು ಪಾಯಿಂಟ್ ಎರಡು. ಹಿಂದೆ ಮೂರು ಮಂಗಳವಾರ ಗಾಜಿನಂತೆ ಓಡಿದ್ದ ಅದೇ ಐಸಿನ ಮೇಲೆ ಅವನ ಕಲ್ಲು ಅವತ್ತು ಅರ್ಧ ದಾರಿಯಲ್ಲಿ ನಿಂತಿತು. ಇನ್ನೊಂದನ್ನು ಜೋರಾಗಿ ತಳ್ಳಿದ, ಅದು ಹಿಂದಿನ ಗೋಡೆಗೆ ಬಡಿಯಿತು. ಒಂಬತ್ತು ಎರಡರಿಂದ ಸೋತು ಮೇಲೆ ಬಂದ.

"ಎರಡನೇದು ಹಾಳಾಗಿದೆ," ಎಂದ ಏದುಸಿರು ಬಿಡುತ್ತಾ. "ರಾತ್ರೋರಾತ್ರಿ ಹಾಳಾಗಿದೆ. ಕಮಿಟಿ ಏನ್ ಮಾಡ್ತಿದೆ?"

ಕಮಿಟಿ ಉಪಸಮಿತಿ ಮಾಡಿತು. ಉಪಸಮಿತಿಯು ಹಳೆಯ ಕಡತಗಳನ್ನು ಹುಡುಕಿದಾಗ ಎಂಟು ವರ್ಷದ ಹಿಂದಿನ ಒಂದು ಪತ್ರ ಸಿಕ್ಕಿತು. ಕ್ಲಬ್ಬಿನ ಅಡುಗೆಮನೆಯ ಬಿಸಿನೀರಿನ ಕೊಳವೆ ಎರಡನೇ ಅಂಕಣದ ಅಡಿಯಲ್ಲೇ ಶೌಚಾಲಯಕ್ಕೆ ಹೋಗುತ್ತದೆ, ಅದಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಬೇಕು ಎಂದು ಲೈಲ್ ಬರೆದಿದ್ದ ಪತ್ರ. ಇದು ಉಪಸಮಿತಿಯ ಸ್ವಂತ ಸಂಶೋಧನೆಯೆಂದು ವರದಿಯಲ್ಲಿ ದಾಖಲಾಯಿತು. ಕೊಳವೆ ಸುತ್ತಲು ಲೈಲ್‌ಗೇ ಆದೇಶವಾಯಿತು, ನೆರವಿಗೆ ಆರ್ಡಿತ್.

ಶನಿವಾರ ಬೆಳಿಗ್ಗೆ ಇಬ್ಬರೂ ನೆಲದಡಿಯ ಇಕ್ಕಟ್ಟಾದ ಸುರಂಗದಲ್ಲಿ ಬೆನ್ನ ಮೇಲೆ ಮಲಗಿ, ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಹಳದಿ ಹೊದಿಕೆಯನ್ನು ಕೊಳವೆಗೆ ಸುತ್ತುತ್ತಿದ್ದರು. ಮೂಗಿಗೆಲ್ಲ ಧೂಳು ತುಂಬಿತ್ತು. ಆರ್ಡಿತ್‌ಳ ಸೊಂಟ ಹಿಡಿದುಕೊಂಡಿತ್ತು.

"ಲೈಲ್, ನಿಮಗೆ ಸಿಟ್ಟು ಬರಲ್ವಾ? ನಿಮ್ಮ ಪತ್ರ, ಅವರ ಹೆಸರು."

"ಎಂಟು ವರ್ಷ ಸಿಟ್ಟು ಮಾಡ್ಕೊಂಡೆ, ಕೊಳವೆ ಹಾಗೇ ಇತ್ತು," ಎಂದ ಲೈಲ್. "ಆ ಕತ್ತರಿ ಈ ಕಡೆ ಕೊಡು. ಆಮೇಲೆ ಫ್ಲಾಸ್ಕು ಎಲ್ಲಿಟ್ಟೆ? ನಿನ್ನ ಪಕ್ಕದಲ್ಲೇ ಇರಬೇಕು ನೋಡು. ಮೊದಲು ನೀನು ಬಗ್ಗಿಸ್ಕೋ."